ಬಿಳಿ ವ್ಯಾನಿಗಾಗಿ ಕಾದ ದಿನಗಳು

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ, ಹಾಲು ಮೊಸರಿನ ಚೀಟಿಗೂ ಮಗಳ ಸ್ಕೂಲಿನ ಕ್ಯಾಲೆಂಡರಿಗೂ ನಡುವೆ, ಬಹಳ ದಿನ ಒಂದು ಪೋಸ್ಟ್‌ಕಾರ್ಡು ಅಂಟಿಕೊಂಡಿತ್ತು. ನೆಂಟರು ಬರೆದದ್ದಲ್ಲ, ಸರ್ಕಾರ ಕಳಿಸಿದ್ದು. ಮಗುವೊಂದರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಜೈಲಿನಲ್ಲಿದ್ದು ಬಂದವನೊಬ್ಬ ನಮ್ಮ ಹಿಂದಿನ ಬೀದಿಗೆ ವಾಸ ಬದಲಿಸಿದ್ದಾನೆಂದು ತಿಳಿಸುವ ಆ ಕಾರ್ಡಿನಲ್ಲಿ ಅವನ ಫೋಟೊ, ವಿಳಾಸ, ಎತ್ತರ, ತೂಕ ಎಲ್ಲವೂ ಇದ್ದವು. ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳು ಅವು. ಒಳ್ಳೆಯ ಸ್ಕೂಲು, ಸುರಕ್ಷಿತ ಊರು ಎಂದು ಎಲ್ಲರ ಬಾಯಲ್ಲೂ ಕೇಳಿ ಅಮೆರಿಕದ ಡಲ್ಲಾಸ್ ಪಕ್ಕದ ಕಾಪೆಲ್‌ಗೆ ಶಿಫ್ಟ್ ಆಗಿದ್ದ ನಮಗೆ ಆ ಕಾರ್ಡು ಬಂದ ದಿನ ಊಟ ಸೇರಲಿಲ್ಲ.

ಟೀವಿಯಂತೂ ಆ ವೇಳೆಗಾಗಲೇ ಅಂಥವನ ರೂಪವನ್ನು ತಿದ್ದಿ ತೀಡಿ ನನ್ನ ತಲೆಯೊಳಗೆ ಪ್ರತಿಷ್ಠಾಪಿಸಿತ್ತು: ಕುರುಚಲು ಗಡ್ಡ, ಒಂಟಿ ಬದುಕು, ಪಾರ್ಕಿನ ಮೂಲೆಯ ಬೆಂಚು, ಕಿಟಕಿಯಿಲ್ಲದ ಬಿಳಿ ವ್ಯಾನು. ಸಂಜೆಯ ವಾರ್ತೆಯಲ್ಲಿ ಭಯದ ಸಂಗೀತದೊಡನೆ ಅದೇ ಮುಖ, ನಡುವೆ ಸೋಪಿನ ಜಾಹೀರಾತು, ಮತ್ತೆ ಅದೇ ಮುಖ. ಹಿಂದಿನ ಬೀದಿಯವನು ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ಅವನು ಮಾಡಿದ್ದನ್ನು ಮಾಡಿಯೇ ಇದ್ದ. ಆದರೆ ಭಯಕ್ಕೊಂದು ಮುಖ ಸಿಕ್ಕಿಬಿಟ್ಟರೆ ಎಷ್ಟು ಅನುಕೂಲ ನೋಡಿ, ಉಳಿದ ಮುಖಗಳನ್ನೆಲ್ಲ ನಿಶ್ಚಿಂತೆಯಿಂದ ನೋಡಬಹುದು. ನಾನು ನೋಡಿದೆ.

ಮೂರನೆಯ ತರಗತಿಯಲ್ಲಿದ್ದ ಮಗಳು ಅನುವಿಗೆ ದಿನವೂ ಪಾಠ. ಗುರುತಿಲ್ಲದವರು ಚಾಕೊಲೇಟ್ ಕೊಟ್ಟರೆ ತೆಗೆದುಕೊಳ್ಳಬಾರದು, ಕಾರಿನ ಹತ್ತಿರ ಕರೆದರೆ ಹೋಗಬಾರದು, ಮುಟ್ಟಿದರೆ ಕಿರುಚಬೇಕು. ಅವಳು ಎಲ್ಲವನ್ನೂ ಮಗ್ಗಿಯಂತೆ ಒಪ್ಪಿಸುತ್ತಿದ್ದಳು, ನನಗೆ ಒಳಗೊಳಗೇ ಹೆಮ್ಮೆ.

ಇನ್ನು ನಮ್ಮ ಶನಿವಾರಗಳ ವಿಷಯ ಹೇಳಬೇಕು. ಡಲ್ಲಾಸ್ ಸುತ್ತಲಿನ ಕನ್ನಡದ ಮನೆಗಳಲ್ಲಿ ಯಾರದಾದರೊಂದು ಕಡೆ ಪೂಜೆಯೋ ಹುಟ್ಟುಹಬ್ಬವೋ ಇದ್ದೇ ಇರುತ್ತಿತ್ತು. ದೊಡ್ಡವರು ಕೆಳಗೆ ಬಿಸಿಬೇಳೆಬಾತಿನ ಪಾತ್ರೆಯ ಸುತ್ತ. ಮಕ್ಕಳನ್ನು ಮಹಡಿಯ ಮೇಲಿನ ಗೇಮ್ ರೂಮಿಗೆ ಅಟ್ಟಿಬಿಟ್ಟರೆ ಮೂರು ಗಂಟೆ ಅವರ ಚಿಂತೆಯಿಲ್ಲ. ಅದೇ ನಮ್ಮ ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು. ಊರಿನಲ್ಲಾದರೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಬೇರೆ ಬೇರೆಯಾಗಿ ಇರುತ್ತಿದ್ದವರನ್ನೆಲ್ಲ ಇಲ್ಲಿ ಅಂಕಲ್ ಎಂಬ ಒಂದೇ ಹೆಸರಿಗೆ ಗುಡ್ಡೆಹಾಕಿ, ನಿನ್ನೆ ಪರಿಚಯವಾದವರಿಗೂ ಮಕ್ಕಳಿಂದ ಅಪ್ಪುಗೆ ಕೊಡಿಸುತ್ತಿದ್ದೆವು. ಬಂಧುಗಳಿಲ್ಲದ ನಾಡಿನಲ್ಲಿ ಬಂಧುಗಳನ್ನು ಹೀಗೆ ತಯಾರಿಸಿಕೊಳ್ಳುವ ಅವಸರ ನಮಗೆ.

ಅಂಥ ಅಂಕಲ್‌ಗಳಲ್ಲೊಬ್ಬರು ಎಲ್ಲರಿಗೂ ಬೇಕಾದವರು. ಹೆಸರು ಬೇಡ. ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಏರ್‌ಪೋರ್ಟಿನಿಂದ ಕರೆತರುವವರು, ಕೆಟ್ಟ ಕಂಪ್ಯೂಟರ್ ಸರಿಮಾಡಿಕೊಡುವವರು, ಯುಗಾದಿಯ ಕಾರ್ಯಕ್ರಮ ನಿರೂಪಿಸುವವರು. ನುಣ್ಣಗೆ ಕ್ಷೌರ ಮಾಡಿದ ಮುಖ, ಇಸ್ತ್ರಿಯ ಜುಬ್ಬ. ಊಟವಾದ ಮೇಲೆ ಮಕ್ಕಳಿಗೆ ಕೇರಂ ಕಲಿಸುತ್ತೇನೆಂದು ತಾವಾಗಿಯೇ ಮೇಲೆ ಹೋಗುವರು. ಪಾಪ, ಎಷ್ಟು ತಾಳ್ಮೆ ಎಂದು ನಾವು ಹೆಂಗಸರು ಮೆಚ್ಚಿಕೊಳ್ಳುತ್ತಿದ್ದೆವು.

ಒಂದು ಶನಿವಾರ ಮಧ್ಯಾಹ್ನ ಅನು ಮೇಲೆ ಹೋಗಲೊಲ್ಲದೆ ಮೆಟ್ಟಿಲ ಬುಡದಲ್ಲಿ ಕೂತುಬಿಟ್ಟಳು. ಮೇಲಿನಿಂದ ಅವರು ಕರೆದರು. ಎಲ್ಲರೂ ನನ್ನತ್ತ ನೋಡಿದರು. ಮಗಳಿಗೆ ನಯವಿನಯ ಕಲಿಸಿಲ್ಲವೆಂದುಕೊಂಡಾರು ಎಂಬ ನಾಚಿಕೆಯಲ್ಲಿ, “ಅಂಕಲ್ ಕರೀತಿದಾರೆ, ಹೋಗು ಪುಟ್ಟಿ. ಹಾಗೆಲ್ಲ ಮಾಡ್ಬಾರ್ದು” ಎಂದೆ. ಅವಳು ಎದ್ದು, ಒಂದೊಂದೇ ಮೆಟ್ಟಿಲು ಹತ್ತಿ ಹೋದಳು.

ಎರಡು ವಾರ ಕಳೆದಿರಬೇಕು. ಸ್ಕೂಲಿನಿಂದ ಕರೆತರುವಾಗ ಹಿಂದಿನ ಬೀದಿ ಬಂತು, ಎಂದಿನಂತೆ ನನ್ನ ಪಾಠ ಶುರುವಾಯಿತು. ಯಾರಾದರೂ ಮುಟ್ಟಿದರೆ ಏನು ಮಾಡಬೇಕು ಎಂದು ಕೇಳಿದೆ. ಅವಳು ಒಪ್ಪಿಸಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಅಂದಳು: “ಬಟ್ ಅಮ್ಮಾ, ಯೂ ಸೆಡ್ ಸ್ಟ್ರೇಂಜರ್ಸ್. ಅಂಕಲ್ ಈಸ್ ನಾಟ್ ಅ ಸ್ಟ್ರೇಂಜರ್. ಯೂ ಟೋಲ್ಡ್ ಮಿ ಟು ಗೋ.”

ಕಾರು ನಿಲ್ಲಿಸಿದೆ. ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು, ಅವಳು ಬಯಸಿದವರಿಗೆ ಮಾತ್ರ ಸೇರಿದ್ದು. ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ ಎಂದೆ. ಅಂದೇ ನಾನೂ ಗಂಡನೂ ಪೊಲೀಸರ ಬಳಿ ಹೋದೆವು.

ಸುದ್ದಿ ಹಬ್ಬಿತು. ಫೋನುಗಳು ಬಂದವು, ಆಮೇಲೆ ನಿಂತವು. ಇಂಥದ್ದೆಲ್ಲ ಇಲ್ಲಿನ ಜನರಲ್ಲಿ, ನಮ್ಮಲ್ಲಿ ಎಲ್ಲಾದರೂ ಉಂಟೇ ಎಂದರು. ಮಗು ಟೀವಿ ನೋಡಿ ಏನೋ ಕಲ್ಪಿಸಿಕೊಂಡಿದೆ ಎಂದರು. ಅವರ ಮುಖ ನೋಡಿದರೆ ಹಾಗನ್ನಿಸುತ್ತದೆಯೇ ಎಂದು ಕೇಳಿದವರೇ ಹೆಚ್ಚು. ನನಗೆ ಸಿಟ್ಟು ಬಂತು. ಆದರೆ ಮುಖ ನೋಡಿ ಅಳೆದವಳು ನಾನೂ ಅಲ್ಲವೇ? ಊರೆಲ್ಲ ಸೇರಿ ಒಂದು ಮುಖಕ್ಕಾಗಿ ಕಾಯುತ್ತಿದ್ದೆವು, ಬೇರೆ ಮುಖಕ್ಕೆ ನಾವೇ ತಟ್ಟೆಯಿಟ್ಟು ಬಡಿಸಿ, ಮಹಡಿಯ ದಾರಿ ತೋರಿಸಿದ್ದೆವು. ಮಕ್ಕಳಿಗೆ ಒಲ್ಲೆ ಎನ್ನುವ ಹಕ್ಕನ್ನು ಗುರುತಿಲ್ಲದವರೆದುರು ಕೊಟ್ಟು, ಗುರುತಿದ್ದವರೆದುರು ಕಿತ್ತುಕೊಂಡಿದ್ದೆವು.

ವಾರದ ಬಳಿಕ ಪಕ್ಕದ ಊರು ಯೂಲೆಸ್‌ನಿಂದ ಶೈಲಾ ಫೋನ್ ಮಾಡಿದಳು. ಹುಬ್ಬಳ್ಳಿಯ ಕಡೆಯವಳು, ಅನುವಿಗಿಂತ ಒಂದು ವರ್ಷ ಸಣ್ಣವಳಾದ ದೀಪಾಳ ತಾಯಿ. ಇವಳೂ ಬುದ್ಧಿ ಹೇಳಲು ಹೊರಟಳೆಂದು ಮನಸ್ಸು ಗಟ್ಟಿ ಮಾಡಿಕೊಂಡೆ.

“ನಮ್ಮ ದೀಪಾನೂ ಮ್ಯಾಲೆ ಹೋಗಂಗಿಲ್ಲ ಅಂತ ಅತ್ತಿದ್ಲ್ರಿ ಅಕ್ಕಾ,” ಎಂದಳು. “ಎರಡು ಸಲ. ನಾನ ಬೈದು ಕಳ್ಸೀನಿ.”

ನಾನೂ ಕಳಿಸಿದೆ, ಎಂದೆ.