ಒಂಬತ್ತು ಇಂಚಿನ ರೇಖಾಖಂಡ

ಎಂಟನೆಯ ಇಯತ್ತೆಯಲ್ಲಿ ನಾನು ಮಾಡಿದ ತಪ್ಪನ್ನು ಬನಹಟ್ಟಿಯ ನೇಕಾರರ ಮಕ್ಕಳಲ್ಲದೆ ಬೇರೆ ಯಾರೂ ಮಾಡಲಾರರು. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಗಣಿತದ ಮಾಸ್ತರರು ಹಲಗೆಯ ಮೇಲೆ ಗೆರೆ ಎಳೆದು, ಎರಡು ತುದಿಗೆ ಅ, ಬ ಎಂದು ಬರೆದರು. ಇದು ರೇಖಾಖಂಡ, ಕೊನೆಯಿಲ್ಲದ ರೇಖೆಯಲ್ಲಿ ಎರಡು ಬಿಂದುಗಳ ನಡುವಿನ ತುಂಡು ಎಂದು ಹೇಳಿ, ಅಳೆಯಲು ನನ್ನನ್ನು ಕರೆದರು. ನಾನು ಅಡಿಪಟ್ಟಿ ಹಿಡಿದು, ಎರಡೂ ತುದಿಯಲ್ಲಿ ಎರಡೆರಡು ಬೆರಳು ಬಿಟ್ಟು, ನಡುವಿನದನ್ನಷ್ಟೇ ಅಳೆದೆ.

"ಒಂಬತ್ತು ಇಂಚ್ರಿ ಸರ."

ಗೆರೆ ಇದ್ದದ್ದು ಹನ್ನೆರಡು ಇಂಚು.

ಮನೆಯಲ್ಲಿ ಅಪ್ಪ ನೇಯ್ದ ಸೀರೆ ಅಳೆಯುತ್ತಿದ್ದವಳು ನಾನೇ. ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವ ನಡುವೆ ನಾಲ್ಕು ಬೆರಳಿನಷ್ಟು ನೂಲನ್ನು ನೇಯದೆ ಬಿಡುತ್ತಾರೆ. ಅಲ್ಲಿ ಕತ್ತರಿ ಆಡಿಸಿದರೆ ಎರಡೂ ಸೀರೆಗೆ ಎರಡೆರಡು ಬೆರಳು ದಶಿ ಉಳಿಯುತ್ತದೆ. ಆ ದಶಿಯನ್ನೂ ಸೇರಿಸಿ ಅಳೆದು ಅಪ್ಪನ ಕೈಯಲ್ಲಿ ಒಮ್ಮೆ ಪೆಟ್ಟು ತಿಂದಿದ್ದೆ.

"ದಶಿ ಅಳತಿಗೆ ಹಿಡ್ಯಾಂಗಿಲ್ರಿ ಸರ" ಎಂದು ವಿವರಿಸಿದೆ. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ನಗಲಿ, ನನಗೇನು.

ಆದರೆ ಅದೇ ವಾರ ಮುಂದಿನ ವರ್ಷದ ವಿಷಯಗಳ ಫಾರ್ಮ್ ತುಂಬುವುದಿತ್ತು. ಆಗ ಹುಡುಗಿಯರು ಗಣಿತ ಬಿಟ್ಟು ಗೃಹವಿಜ್ಞಾನ ತೆಗೆದುಕೊಳ್ಳಬಹುದಿತ್ತು. ಮಾಸ್ತರರು ನನ್ನ ಫಾರ್ಮ್ ತಾವೇ ಎಳೆದುಕೊಂಡು ಗೃಹವಿಜ್ಞಾನ ಎಂದು ಬರೆದುಬಿಟ್ಟರು.

"ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗ ಅಂತಾರ. ನಿಂದು ದಶಿಯೊಳಗ ಐತಿ. ಹೋಗು, ನಿಮ್ಮಪ್ಪನ ಸಹಿ ಹಾಕಿಸ್ಕೊಂಡು ಬಾ."

ಮೈಯೆಲ್ಲ ಉರಿಯಿತು. ತಪ್ಪು ನನ್ನದೇ, ಒಪ್ಪಿದೆ. ಖಂಡದ ತುದಿಯೆಂದರೆ ದಶಿಯಲ್ಲ, ಬಿಂದುವಿನಿಂದ ಬಿಂದುವಿಗೆ ಪೂರ್ತಿ ಅಳೆಯಬೇಕು ಎಂದು ಒಮ್ಮೆ ಹೇಳಿದ್ದರೆ ಸಾಕಿತ್ತು. ಕಲಿಸುವ ಕೆಲಸ ಅವರದಲ್ಲವೇ? ನನಗೆ ಗಣಿತ ಬೇಕಿತ್ತು. ಹಸಿವಾದಾಗ ರೊಟ್ಟಿ ಬೇಕಾಗುವಷ್ಟು ಬೇಕಿತ್ತು.

ಮನೆಗೆ ಬಂದವಳೇ ಗೃಹವಿಜ್ಞಾನದ ಮೇಲೆ ಗೀಟು ಹಾಕಿ ಗಣಿತ ಎಂದು ಬರೆದು ಅಪ್ಪನ ಮುಂದೆ ಹಿಡಿದೆ.

"ಮಾಸ್ತರ ಬರದದ್ದು ಹೊಡದು ಹಾಕೀದೇನು? ನಾ ಸಹಿ ಮಾಡಂಗಿಲ್ಲ" ಎಂದ ಅಪ್ಪ.

"ಹಂಗಾದ್ರ ನಾ ಕಂಡಿಕಿ ಸುತ್ತಂಗಿಲ್ಲ."

ಲಾಳಿಯಲ್ಲಿ ಹಾಕುವ ನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತಿಕೊಡುವುದು ನನ್ನ ಕೆಲಸವಾಗಿತ್ತು. ರಾಟೆಯ ಕಡೆ ಹೋಗದೆ ಗೋಡೆಗೆ ಬೆನ್ನು ಹಚ್ಚಿ ಕುಳಿತೆ. ಬುಟ್ಟಿಯಲ್ಲಿ ಉಳಿದಿದ್ದ ನಾಲ್ಕು ಕಂಡಿಕೆ ಮುಗಿಯುವವರೆಗೆ ಮಗ್ಗ ಬಡಿಯಿತು, ಆಮೇಲೆ ನಿಂತಿತು. ಅಕ್ಕಪಕ್ಕದ ಮನೆಗಳ ಮಗ್ಗಗಳೆಲ್ಲ ಸದ್ದು ಮಾಡುತ್ತಿರುವಾಗ ನಮ್ಮದೊಂದೇ ಸುಮ್ಮನಿತ್ತು. ಅಪ್ಪನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ.

"ಏ, ನೀನರ ಬಂದು ಸುತ್ತು" ಎಂದು ಅವ್ವನನ್ನು ಕೂಗಿದ.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ನನ್ನ ಕೈ ಹಿಟ್ಟಾಗೈತಿ. ಸಹಿ ಮಾಡಾಕ ನಿಮ್ಮ ಕೈಗೇನಾಗೈತಿ?"

ನಾನು ನಗು ತಡೆದುಕೊಂಡೆ. ಅಪ್ಪ ಮಗ್ಗದ ಕುಣಿಯಿಂದ ಮೇಲೆ ಬಂದು, ಕೈ ಒರೆಸಿಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದ.

"ಹಿಡಿದ ಮೊಲಕ್ಕ ಮೂರ ಕಾಲು ಅನ್ನಾಕಿ ನೀ. ಹೋಗು, ಮೊದಲ ಕಂಡಿಕಿ ಸುತ್ತು."

ಮರುದಿನ ವರ್ಗದಲ್ಲಿ ಮಾಸ್ತರರು ಆ ಗೀಟಿನ ಮೇಲೆ ಬೆರಳಿಟ್ಟು ಕೇಳಿದರು.

"ಫೇಲಾದ್ರ ಯಾರು ಹೊಣಿ?"

ನಾನು ತಲೆ ತಗ್ಗಿಸಲಿಲ್ಲ.

"ಫೇಲ್ ಆಗೂದಿದ್ರ ನಾನ ಆಕ್ಕೇನ್ರಿ ಸರ. ಪರೀಕ್ಷಾಕ್ಕಿಂತ ಮೊದಲ ನೀವ್ಯಾಕ ನನ್ನ ಫೇಲ್ ಮಾಡ್ತೀರಿ?"