ಅವಳ ಪರವಾಗಿ ಬರುತ್ತಿದ್ದ ಫೋನು

ಕೆಲವು ವರ್ಷ ನಾನು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಆಸ್ಪತ್ರೆ ಅಂದರೆ ದೊಡ್ಡದೇನಲ್ಲ, ಒಂದು ಮನೆಯ ಕೆಳಗಿನ ಎರಡು ಕೋಣೆ. ಡಾಕ್ಟರ್ ಮೇಡಮ್ಮು, ನಾನು, ಮತ್ತೆ ಹರಿಹರದ ಆಚೆ ಕಡರನಾಯಕನಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಇಷ್ಟೇ ಜನ. ಬಂದವರನ್ನು ಕೂರಿಸುವುದು, ಫೋನ್ ಎತ್ತುವುದು ನನ್ನ ಕೆಲಸ. ಒಳಗೆ ಕುರ್ಚಿಯ ಪಕ್ಕ ನಿಂತು ಮೇಡಮ್ಮಿನ ಕೈಗೆ ಬೇಕಾದ್ದು ಕೊಡುವುದು, ಬಾಯಿಯ ನೀರು ಎಳೆಯುವ ಪೈಪು ಹಿಡಿಯುವುದು, ಆಮೇಲೆ ಎಲ್ಲ ತೊಳೆದು ಕುದಿಸಿಡುವುದು ಅವಳ ಕೆಲಸ. ಅವಳು ಬರದ ದಿನ ಎರಡೂ ನನ್ನ ತಲೆಗೆ.

ಅವಳಿಗೆ ಮದುವೆಯಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಗಂಡ ಹೊಲ ಮಾಡಿಕೊಂಡಿದ್ದ. ಆಗಾಗ ರಜೆ ಹಾಕುತ್ತಿದ್ದಳು. ಎಲ್ಲರೂ ಹಾಕುತ್ತಾರೆ, ಅದೇನೂ ನನಗೆ ದೊಡ್ಡದಾಗಿರಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ರಜೆ ಬೇಕಾದಾಗ ಅವಳು ಫೋನ್ ಮಾಡುತ್ತಲೇ ಇರಲಿಲ್ಲ. ಅವಳ ಅತ್ತೆ ಮಾಡುತ್ತಿದ್ದರು.

ಬೆಳಗ್ಗೆ ಬಾಗಿಲು ತೆಗೆದು ಕಸ ಗುಡಿಸುವ ಹೊತ್ತಿಗೆ ಆಸ್ಪತ್ರೆಯ ಮೊಬೈಲು ಬಡಕೊಳ್ಳುತ್ತಿತ್ತು. ಎತ್ತಿದರೆ ಆ ಕಡೆಯಿಂದ ಅದೇ ಗಟ್ಟಿ ದನಿ. ನಾನು ಚೆನ್ನಾಗಿದ್ದೀನಾ, ತಿಂಡಿ ಆಯಿತಾ ಎಂದು ವಿಚಾರಿಸಿಯೇ ಮುಂದಿನ ಮಾತು. ಮೇಡಮ್ಮಿಗೆ ಕೊಡು ಅಂದರೆ ನಾನು ಸ್ಪೀಕರ್ ಹಾಕಿ ಹಿಡಿಯುತ್ತಿದ್ದೆ, ಅವರ ಕೈಯಲ್ಲಿ ಗ್ಲೌಸ್ ಇರುತ್ತಿತ್ತು. ಒಮ್ಮೆ ಎಮ್ಮೆ ಕರು ಹಾಕಿದೆ, ಸೊಸೆಯನ್ನು ಬಿಟ್ಟರೆ ಇನ್ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ ಅಂದರು. ಒಮ್ಮೆ ಹುಡುಗಿಗೆ ಹೊಟ್ಟೆನೋವು, ಏಳಬೇಡ ಅಂದಿದ್ದು ತಾನೇ, ಬೈಯುವುದಿದ್ದರೆ ತನ್ನನ್ನು ಬೈಯಬೇಕು ಅಂದರು. ಇನ್ನೊಮ್ಮೆ ಹೇಳಿದ್ದಂತೂ ನಾನು ಮರೆಯುವುದಿಲ್ಲ.

"ನನಗ ಕೆಟ್ಟ ಕನಸು ಬಿದ್ದೈತ್ರಿ ಡಾಕ್ಟ್ರೇ. ಬಸ್ಸು ಹಳ್ಳಕ್ಕ ಬಿದ್ದಂಗ. ಇವತ್ತೊಂದಿನ ಬಸ್ ಹತ್ತಾದು ಬ್ಯಾಡ ಅಂತ ಹಿಡಕೊಂಡು ಕುಂತೀನಿ."

ಮೇಡಮ್ಮು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರನ್ನು ಮರೆತು ನಕ್ಕುಬಿಟ್ಟರು. ಆಯ್ತಮ್ಮ, ನಾಳೆ ಒಳ್ಳೆ ಕನಸು ಕಂಡು ಕಳಿಸಿ ಅಂದರು. ಅವತ್ತು ನಾನು ಪೈಪು ಹಿಡಿದು ಸಂಜೆಯವರೆಗೂ ನಿಂತೆ. ಕಾಲು ನೋಯುತ್ತಿತ್ತು. ತಲೆಯಲ್ಲಿ ಒಂದೇ ವಿಚಾರ: ಇವಳಿಗೆ ಏನಾದರೂ ಆದೀತು ಅಂತ ಒಬ್ಬರಿಗೆ ನಿದ್ದೆಯಲ್ಲೂ ಹೆದರಿಕೆಯಾಗುತ್ತದೆ. ನಾನು ಯಾರ ಕನಸಿನಲ್ಲಿ ಬರುತ್ತೇನೆ?

ನಮ್ಮ ಮನೆ ನಿಟ್ಟುವಳ್ಳಿಯಲ್ಲಿ. ನನಗೂ ಅತ್ತೆ ಇದ್ದರು, ಕೆಟ್ಟವರಲ್ಲ. ಬೈದವರಲ್ಲ, ಹೊಡೆದವರಲ್ಲ. ಮಾತು ಕಮ್ಮಿ. ಬೆಳಗಾದರೆ ನಾನು ಒಲೆಯ ಮುಂದೆ, ಅವರು ಅಂಗಳದಲ್ಲಿ, ರಾತ್ರಿ ಅವರು ಟೀವಿಯ ಮುಂದೆ. ಹುಷಾರಿಲ್ಲ ಅಂತ ನಾನು ಮನೆಯಲ್ಲಿ ಉಳಿದರೆ, ಹೆಂಗೂ ಇದ್ದೀಯಲ್ಲ ಅಂತ ಕಂಬಳಿ, ಚಾದರ ಎಲ್ಲ ಒಗೆಯಲು ತೆಗೆದಿಡುತ್ತಿದ್ದರು. ಅದರಲ್ಲಿ ದ್ವೇಷವೇನಿಲ್ಲ, ಅವರು ಹಾಗೇ ಬದುಕಿ ಬಂದವರು. ಹಾಗಾಗಿ ಜ್ವರ ಬಂದರೂ ನನಗೆ ಆಸ್ಪತ್ರೆಯೇ ವಾಸಿ ಅನಿಸುತ್ತಿತ್ತು, ಅಲ್ಲಿ ಫ್ಯಾನಿನ ಕೆಳಗೆ ಕುರ್ಚಿಯಾದರೂ ಇತ್ತು. ನಾನು ರಜೆಯನ್ನೇ ಹಾಕುವುದಿಲ್ಲ ಅಂತ ಮೇಡಮ್ಮು ಬಂದವರೆದುರಿಗೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಒಂದು ಸಲ ಗಂಟಲು ಕಟ್ಟಿ ತಲೆ ಎತ್ತಲಾಗದಿದ್ದಾಗ, ನೀವು ಒಂದು ಫೋನ್ ಮಾಡಿ ಹೇಳ್ರಿ ಅಂತ ನನ್ನ ಗಂಡನನ್ನು ಕೇಳಿದೆ. ಅವನು ಗೋದಾಮಿಗೆ ಹೊರಟು ಗಾಡಿ ಒರೆಸುತ್ತಿದ್ದ. ನಿನ್ನ ಕೆಲಸ, ನೀನೇ ಹೇಳಿದರೆ ಚೆಂದ, ನನಗೆ ಆ ಡಾಕ್ಟರ್ ಪರಿಚಯವೇ ಇಲ್ಲ ಅಂದ. ಅವನು ಹೇಳಿದ್ದು ಸರಿಯೇ ಇತ್ತು. ನಾನೇ ಮಾಡಿದೆ. ಮೇಡಮ್ಮು ನನ್ನ ದನಿ ಕೇಳಿ, ಹೌದೌದು ಸ್ವಲ್ಪ ಕೂತಿದೆ, ಆದರೆ ಇವತ್ತು ಅವಳೂ ಇಲ್ಲ, ಅರ್ಧ ದಿನ ಬಂದು ಹೋಗಿಬಿಡು ಅಂದರು. ಹೋದೆ. ಅರ್ಧ ದಿನ ಸಂಜೆವರೆಗೂ ಎಳೆಯಿತು. ಮಾರನೇ ದಿನ ಹುಡುಗಿ ಬಂದಳು, ಡಬ್ಬಿ ತೆಗೆದಳು, ರೊಟ್ಟಿಯ ಮೇಲೆ ಅವಳ ಅತ್ತೆ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ. "ತಗೋ ಅಕ್ಕ" ಅಂದಳು. ಬೇಡ, ಗಂಟಲು ಸರಿಯಿಲ್ಲ ಅಂದೆ. ಗಂಟಲು ಅಷ್ಟೊತ್ತಿಗೆ ಸರಿಯಾಗಿತ್ತು.

ಮುಂದೊಂದು ದಿನ ಅವಳಿಗೆ ಚಳಿಜ್ವರ ಅಂತ ಫೋನ್ ಬಂತು. ಅದೇ ದಿನ ಹರಿಹರದ ಒಬ್ಬ ಮುದುಕರ ಮುರಿದ ಹಲ್ಲಿನ ಸೆಟ್ಟು ರಿಪೇರಿಯಾಗಿ ಬಂದಿತ್ತು. ಅವರಿಗೆ ಓಡಾಡಲು ಆಗುತ್ತಿರಲಿಲ್ಲ. ಮಧ್ಯಾಹ್ನ ಆಸ್ಪತ್ರೆ ಮುಚ್ಚಿದ ಹೊತ್ತಿನಲ್ಲಿ ಹೋಗಿ ಕೊಟ್ಟು, ಸಂಜೆ ತೆಗೆಯುವುದರೊಳಗೆ ಬಾ ಎಂದು ಮೇಡಮ್ಮು ನನ್ನನ್ನು ಕಳಿಸಿದರು. ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಸೆಟ್ಟು ಕೊಟ್ಟು, ಅವರು ಹಾಕಿಕೊಂಡು ನೋಡಿ ಸರಿಯಾಯಿತು ಅಂದಮೇಲೆ, ಬಸ್ ಸ್ಟ್ಯಾಂಡಿಗೆ ವಾಪಸ್ ಬರುತ್ತಿದ್ದೆ. ದಾರಿಯಲ್ಲಿ ಒಂದು ಮಂಡಕ್ಕಿ ಅಂಗಡಿ. ಒಳಗೆ ಗೋಡೆಯ ಬೆಂಚಿನ ಮೇಲೆ ಅವಳು ಕೂತಿದ್ದಳು. ಪಕ್ಕದಲ್ಲಿ ಅತ್ತೆ. ಇಬ್ಬರ ನಡುವೆ ಒಂದೇ ತಟ್ಟೆಯಲ್ಲಿ ಮಿರ್ಚಿ ಬಜ್ಜಿ. ಅವಳ ಕೈತುಂಬ ಹೊಸ ಹಸಿರು ಬಳೆ. ಅತ್ತೆ ಏನೋ ಹೇಳುತ್ತಿದ್ದರು, ಅವಳು ನಗು ತಡೆಯಲಾರದೆ ಅವರ ಭುಜಕ್ಕೆ ಹಣೆ ಒತ್ತಿಕೊಂಡಿದ್ದಳು.

ಸುಳ್ಳು ಹೇಳಿ ರಜೆ ಹಾಕಿದ್ದಾಳಲ್ಲ ಅಂತ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಭುಜವನ್ನೇ ನೋಡುತ್ತಾ ನಿಂತೆ. ಸುಳ್ಳನ್ನೂ ಅವಳು ಒಬ್ಬಳೇ ಹೇಳಬೇಕಿಲ್ಲ ಅನಿಸಿತು.

ಅವಳು ನನ್ನನ್ನು ನೋಡಿ ಬಿಳಿಚಿಕೊಂಡಳು. ಅತ್ತೆ ಮಾತ್ರ ಒಂಚೂರೂ ಅಳುಕಲಿಲ್ಲ. ಫೋನಿನಲ್ಲಿ ಮಾತಾಡುವವಳು ನಾನೇ ಎಂದು ಗೊತ್ತಾದ ಕೂಡಲೇ ಸರಿದು ಜಾಗ ಮಾಡಿದರು.

"ಬಾರವ್ವ, ಕೂಡ್ರು. ಎಷ್ಟು ದಿನ ಆಗಿತ್ತು ನಾನು ಊರು ಬಿಟ್ಟು ಬಂದು. ಒಬ್ಬಾಕಿಗೆ ತಿರುಗಾಡಾಕ ಬ್ಯಾಸರ. ಅದಕ್ಕ ಇಕಿನ್ನ ಕರ್ಕೊಂಡು ಬಂದೆ."

ಅಷ್ಟೇ ಕಾರಣ. ಮುಚ್ಚುಮರೆ ಇರಲಿಲ್ಲ. ನನಗೂ ಒಂದು ತಟ್ಟೆ ಹೇಳಿದರು. ನಾನು ಬೇಗ ಹೋಗಬೇಕು, ಸಂಜೆಗೆ ಬಾಗಿಲು ತೆಗೆಯಬೇಕು ಅಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಊಟ ಆಯಿತಾ ಅಂತ ಕೇಳಿದರು. ಆಗಿರಲಿಲ್ಲ. ಸೊಸೆಯಿಂದ ನಂಬರು ಒತ್ತಿಸಿ ಫೋನ್ ತೆಗೆದುಕೊಂಡರು.

"ಡಾಕ್ಟ್ರೇ, ನಾನ್ರಿ. ಗುಳಿಗಿ ತಗಳಾಕ ಹರಿಹರಕ್ಕ ಬಂದಿದ್ದೆ. ಇಲ್ಲಿ ಬಸ್ ಸ್ಟ್ಯಾಂಡಿನಾಗ ನಿಮ್ಮ ಫೋನ್ ಎತ್ತೋ ಹುಡುಗಿ ಕಣ್ಣು ಕತ್ಲಿ ಬಂದು ಕುಂತಿದ್ಲು. ಬಿಸಿಲಾಗ ಉಪಾಸ ಬಂದಾಳ. ನಾನು ನೀರು ಕುಡಿಸಿ ಕುಂದ್ರಿಸೀನಿ. ಈಗ ಕಳಸಾದಿಲ್ಲ ನೋಡ್ರಿ. ಮನಿಗೆ ಹೋಗಿ ಮಲಕ್ಕೊಳ್ಳಲಿ."

ಆ ಕಡೆಯಿಂದ ಮೇಡಮ್ಮಿನ ಗಾಬರಿಯ ದನಿ ನನಗೂ ಕೇಳಿಸಿತು. ಅಯ್ಯೋ ಪಾಪ, ಬರೋದೇ ಬೇಡ ಅನ್ನಿ, ನಾಳೆನೂ ಆಗದಿದ್ದರೆ ಬೇಡ. ಅಷ್ಟು ವರ್ಷದಲ್ಲಿ ಅವರು ನನ್ನ ವಿಚಾರಕ್ಕೆ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿಕೊಂಡಿತು. ಮುಂದೆ ಬಂದಿದ್ದ ಮಿರ್ಚಿ ಕಚ್ಚಿ, ಖಾರ ಅಂದೆ.

ಆ ಮಧ್ಯಾಹ್ನ ನಾವು ಮೂವರೂ ಹೊಳೆಯ ಕಡೆ ನಡೆದೆವು. ನೀರು ತಳ ಹಿಡಿದಿತ್ತು. ಅತ್ತೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ತಾವು ಹೊಸದಾಗಿ ಮದುವೆಯಾಗಿ ಬಂದಾಗ ತವರಿಗೆ ಹೋಗಲು ಕೇಳುವ ಧೈರ್ಯವಿಲ್ಲದೆ ಹಿತ್ತಿಲಲ್ಲಿ ಅಳುತ್ತಿದ್ದದ್ದನ್ನು ಹೇಳಿದರು. ತಮಗಾಗಿ ಕೇಳುವವರು ಆಗ ಯಾರೂ ಇರಲಿಲ್ಲ ಅಂದರು. ಆಮೇಲೆ ನನ್ನ ಮನೆ, ಮಕ್ಕಳು ಎಲ್ಲ ವಿಚಾರಿಸಿದರು. ನಾನು ಎಷ್ಟೋ ದಿನದಿಂದ ಮಾತೇ ಆಡದವಳ ಹಾಗೆ ಮಾತಾಡಿದೆ. ಹುಡುಗಿ ಬಳೆ ತಿರುಗಿಸುತ್ತಾ ಕೂತಿದ್ದಳು. ಸಂಜೆ ಅವರಿಬ್ಬರೂ ಊರಿನ ಬಸ್ಸು ಹತ್ತಿದರು, ನಾನು ದಾವಣಗೆರೆಯ ಬಸ್ಸು. ಕಿಟಕಿಯಿಂದ ನೋಡಿದೆ. ಅತ್ತೆ ಅವಳ ಸೆರಗು ಸರಿಮಾಡುತ್ತಿದ್ದರು.

ಅಲ್ಲಿಂದ ಮುಂದೆ ಡಬ್ಬಿಯಲ್ಲಿ ನನಗೆಂದೇ ಬೇರೆ ರೊಟ್ಟಿ ಬರತೊಡಗಿತು. ಬೆಳಗಿನ ಫೋನಿನಲ್ಲಿ ನನ್ನೊಂದಿಗಿನ ಮಾತು ಉದ್ದವಾಯಿತು. ಹುಡುಗಿ ನನ್ನ ರೊಟ್ಟಿಯನ್ನು ಮೇಜಿನ ಮೇಲೆ ಇಡುವ ರೀತಿ ಬದಲಾಯಿತು. ಸದ್ದಾಗುವಂತೆ ಇಡುತ್ತಿದ್ದಳು. ನನಗೆ ಗೊತ್ತಾಯಿತು. ಇದನ್ನು ಹೇಳಲು ಸಂಕೋಚವಿಲ್ಲ: ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟು ದಿನ ನಾನು ಉರಿದಿದ್ದೆ, ಈಗ ಸ್ವಲ್ಪ ಅವಳೂ ಉರಿಯಲಿ ಅನಿಸಿತು. ಒಂದು ದಿನ ನಾನು ಊಟ ಮಾಡುತ್ತಾ, ನಿಮ್ಮತ್ತೆ ನಿನ್ನೆ ನನಗೆ ಹೀಗೆ ಹೇಳಿದರು, ಹಾಗೆ ಹೇಳಿದರು ಅಂತ ಶುರುಮಾಡಿದೆ. ಅವಳು ತಲೆ ಎತ್ತದೆ ಕೇಳಿದಳು.

"ನಿಮಗೂ ಮನಿಯಾಗ ಅತ್ತಿ ಅದಾರಲ್ಲ ಅಕ್ಕ?"

ಮೆಲ್ಲಗೇ ಕೇಳಿದಳು. ನಾನು ಮತ್ತೆ ಆ ಸುದ್ದಿ ಎತ್ತಲಿಲ್ಲ. ನಿಧಾನಕ್ಕೆ ರೊಟ್ಟಿ ಬರುವುದೂ ನಿಂತಿತು. ಅವಳು ನಿಲ್ಲಿಸಿದಳೋ, ಅತ್ತೆಯೇ ಮರೆತರೋ, ಕೇಳುವ ಹಕ್ಕು ನನಗಿರಲಿಲ್ಲ.

ಆ ಮಳೆಗಾಲದಲ್ಲಿ ನನಗೆ ನಿಜವಾಗಿಯೂ ಜ್ವರ ಹತ್ತಿತು. ಬೆಳಗ್ಗೆ ಏಳಲಾಗಲಿಲ್ಲ. ಯಾರಿಗೂ ಫೋನ್ ಮಾಡುವ ಶಕ್ತಿಯಿರಲಿಲ್ಲ. ಗಂಡ ಹೋಗಿಯಾಗಿತ್ತು. ಕಣ್ಣು ಮುಚ್ಚಿ ಬಿದ್ದಿದ್ದಾಗ ನನ್ನ ಮೊಬೈಲು ಒಂದೇ ಸಮ ಬಡಕೊಂಡಿತು. ಮೇಡಮ್ಮು ಅಂತ ಗೊತ್ತಿತ್ತು, ಕೈ ಚಾಚಲಾಗಲಿಲ್ಲ. ನಮ್ಮ ಅತ್ತೆ ಅಡುಗೆ ಮನೆಯಿಂದ ಬಂದು ಎತ್ತಿದರು. ಅವರು ಮೊಬೈಲು ಮುಟ್ಟುವವರೇ ಅಲ್ಲ. ತಲೆಕೆಳಗಾಗಿ ಹಿಡಿದಿದ್ದರು.

"ಮಲಗ್ಯಾಳ. ಎಬ್ಬಸಂಗಿಲ್ಲ," ಅಂದರು. ಆ ಕಡೆಯಿಂದ ಏನೋ ಕೇಳಿರಬೇಕು. "ಆಗಂಗಿಲ್ಲ ಅಂದ್ನೆಲ್ಲ" ಅಂದು ಮೊಬೈಲನ್ನು ಹಾಸಿಗೆಯ ಮೇಲೆ ಹಾಕಿ ಹೋದರು.

ಸ್ವಲ್ಪ ಹೊತ್ತಿಗೆ ಗಂಜಿ ತಂದಿಟ್ಟರು. ಹಣೆ ಮುಟ್ಟಲಿಲ್ಲ, ಹೆಂಗೈತಿ ಅಂತ ಕೇಳಲಿಲ್ಲ. ಆ ಸದ್ದು ಸಹಿಸಲಾರದೆ ಎತ್ತಿದರೋ, ನನಗಾಗಿಯೇ ಎತ್ತಿದರೋ, ಇವತ್ತಿಗೂ ನನಗೆ ತಿಳಿಯದು. ಅವತ್ತು ಚಾದರ ಮಾತ್ರ ಯಾವುದೂ ಒಗೆಯಲು ಬರಲಿಲ್ಲ. ಗೋಡೆ ಕಡೆ ತಿರುಗಿ ಅತ್ತೆಯ ಆ ಎರಡು ಮಾತನ್ನು ಮತ್ತೆ ಮತ್ತೆ ನನಗೆ ನಾನೇ ಹೇಳಿಕೊಂಡೆ.

ವಾಸಿಯಾಗಿ ಕೆಲಸಕ್ಕೆ ಹೋದಾಗ ಮೇಡಮ್ಮು, ನಿಮ್ಮತ್ತೆ ಏನಮ್ಮ ಹಂಗೆ ಮುಖಕ್ಕೆ ಹೊಡೆದಂಗೆ ಮಾತಾಡ್ತಾರೆ ಅಂದರು. ತಪ್ಪು ತಿಳಿಯಬೇಡಿ ಅಂತ ಹೇಳಿದೆ, ಮುಖದಲ್ಲಿ ನಗು ಮಾತ್ರ ತಡೆಯಲಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಗಂಜಿಯನ್ನೂ ಬಿಡಲಿಲ್ಲ. ಹಣೆ ಮುಟ್ಟಿ ನೋಡಿದರು ಅಂತಲೂ ಒಂದು ಮಾತು ಸೇರಿಸಿದೆ.

ಅವಳು ಪೂರ್ತಿ ಕೇಳಿದಳು. ಖುಷಿಯಾದಳು ಅನಿಸಿತು, ನಿಜಕ್ಕೂ. ಆಮೇಲೆ ಡಬ್ಬಿ ಮುಚ್ಚುತ್ತಾ, "ನಮ್ಮತ್ತಿ ಆಗಿದ್ರ ಇನ್ನಾ ಚೆಂದ ಹೇಳ್ತಿದ್ರು ಅಕ್ಕ" ಅಂದಳು.

ಅದು ನಿಜವೇ ಆಗಿತ್ತು. ನಾನು ಎದ್ದು ಕೈ ತೊಳೆಯಲು ಹೋದೆ.