ದೊಡ್ಡದಾಗಿ ಬರೆಯಲು ಹೇಳಿದ್ದರು

ಕಷ್ಟ ಯಾರಿಗೆ ಹೆಚ್ಚು ಎಂಬ ವಿಷಯಕ್ಕೆ ಹೊಟ್ಟೆಕಿಚ್ಚು ಪಟ್ಟವರನ್ನು ನೀವು ಕಂಡಿದ್ದೀರೋ ಇಲ್ಲವೋ. ನಾನು ಪಟ್ಟಿದ್ದೇನೆ. ಅದೂ ಹದಿನೈದನೆಯ ವಯಸ್ಸಿಗೆ, ಯಲಬುರ್ಗಾದ ಒಂದು ಹೈಸ್ಕೂಲಿನಲ್ಲಿ, ಹತ್ತನೇ ತರಗತಿಯ ಹುಡುಗಿಯರ ಸೆಕ್ಷನ್ನಿನ ಮೊದಲನೇ ಬೆಂಚಿನಲ್ಲಿ ಕೂತು.

1997ನೇ ಇಸವಿ. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಹೊಸ ಆಫೀಸು, ಆಫೀಸಿಗೆ ಬರೆಯುವ ಮಂದಿ ಬೇಕು; ನಮ್ಮ ಗಣಿತದ ಮಾಸ್ತರನ್ನು ವಾರದಲ್ಲಿ ಮೂರು ದಿನ ಅಲ್ಲಿಗೆ ಎಳೆದುಕೊಳ್ಳುತ್ತಿದ್ದರು. ಹೋಗುವ ಮುಂಚೆ ಅವರು ಲೆಕ್ಕ ಬಿಡಿಸಿಟ್ಟ ತಮ್ಮ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, "ಇದನ್ನ ಬೋರ್ಡಿನ ಮ್ಯಾಲ ಬರಿಯವಾ, ಹುಡುಗ್ಯಾರು ಬರಕೊಳ್ಳಲಿ" ಎನ್ನುತ್ತಿದ್ದರು. ಅವರು ಇದ್ದ ದಿನವೂ ಬೋರ್ಡಿಗೆ ಬರೆಯುವವಳು ನಾನೇ; ನಾನು ಮಾನಿಟರ್. ತರಗತಿಗೆ ಮೊದಲನೆಯವಳೂ ನಾನೇ. ಚಾಕ್‌ಪೀಸು ಕೈಗೆ ಬಂತೆಂದರೆ ನನ್ನ ನೆಟ್ಟಗಿನ ಕತ್ತು ಇನ್ನೂ ಎರಡು ಇಂಚು ನೆಟ್ಟಗಾಗುತ್ತಿತ್ತು.

ಮಳೆಗಾಲದ ಒಂದು ಮಂಗಳವಾರ ಧಾರವಾಡದ ಕಡೆಯಿಂದ ಒಬ್ಬ ಮೇಡಂ ಬಂದರು. ಡಾಕ್ಟರೇಟಿಗೆ ಓದುತ್ತಿದ್ದವರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ತಾಲೂಕಿನ ಶಾಲೆ-ಕಾಲೇಜುಗಳಿಗೆ ಹೋಗಿ ಮಕ್ಕಳಿಗೆ ಎಷ್ಟು ಒತ್ತಡವಿದೆ ಎಂದು ತಿಳಿಯುವುದು ಅವರ ಕೆಲಸ. "ಒತ್ತಡ ಅಂದ್ರ ವಿಜ್ಞಾನದಾಗ ಬರತೈತಲ್ರಿ, ಅದೇನ್ರಿ?" ಎಂದು ಒಬ್ಬಳು ಕೇಳಿದಳು. ಮೇಡಂ ನಕ್ಕು, "ಅದಲ್ಲ. ಎದಿ ಡವ ಡವ ಅನ್ನೂದು, ನಿದ್ದಿ ಬರದ ಇರೂದು, ಟೆನ್ಶನ್" ಎಂದರು. ಅವರ ನಗು ಎಷ್ಟು ಚೆಂದವಿತ್ತೆಂದರೆ ಆ ಗಳಿಗೆಯೇ ಅವರು ನನ್ನವರಾಗಬೇಕು ಎಂದು ನನಗೆ ಅನಿಸಿಬಿಟ್ಟಿತು.

ಎಲ್ಲರಿಗೂ ಅಚ್ಚು ಹಾಕಿದ ಹಾಳೆ ಕೊಟ್ಟರು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ: ಯಾವಾಗಲೂ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. "ಇದರಾಗ ಸರಿ ತಪ್ಪು ಅಂತ ಇಲ್ಲ, ನಿಮ್ಮ ಮನಸ್ಸಿನಾಗ ಇದ್ದದ್ದು ಹೇಳ್ರಿ" ಎಂದು ಮೇಡಂ ಎರಡು ಸಲ ಹೇಳಿ, ಹೆಡ್‌ಮಾಸ್ತರರನ್ನು ನೋಡಲು ಹೋದರು. ಆ ಮಾತು ಯಾರ ಕಿವಿಗೂ ಹೋಗಲಿಲ್ಲ. ಅಚ್ಚಾದ ಹಾಳೆ, ನಾಲ್ಕು ಉತ್ತರ, ಒಂದಕ್ಕೆ ಗುರುತು ಎಂದ ಮೇಲೆ ಅದು ಪರೀಕ್ಷೆಯಲ್ಲದೆ ಇನ್ನೇನು? ಪರೀಕ್ಷೆ ಎಂದರೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬೆರಳು ತೋರಿಸಬೇಕು. ಒಂದು ಬೆರಳೆಂದರೆ ಮೊದಲನೇ ಉತ್ತರ, ನಾಲ್ಕೆಂದರೆ ನಾಲ್ಕನೆಯದು. ಹಿಂದಿನ ಬೆಂಚುಗಳೆಲ್ಲ ನನ್ನ ಬೆನ್ನು ನೋಡಿಕೊಂಡೇ ಪಾಸಾಗುತ್ತಿದ್ದವು.

'ಪರೀಕ್ಷೆಯ ದಿನ ಹೊಟ್ಟೆ ತೊಳಸುತ್ತದೆಯೇ?' ಎಂಬ ಪ್ರಶ್ನೆ ಬಂತು. ನಾನು ಪ್ರತಿ ಪರೀಕ್ಷೆಯ ಬೆಳಿಗ್ಗೆ ಬಚ್ಚಲಲ್ಲಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ ಬರುತ್ತಿದ್ದವಳು. ಒಂಬತ್ತನೇ ತರಗತಿಯಲ್ಲಿ ಒಮ್ಮೆ ಎರಡನೇ ನಂಬರ್ ಬಂದಾಗ ನಮ್ಮಪ್ಪ ಹದಿಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಆದರೂ ಬೆನ್ನ ಹಿಂದೆ ನಾಲ್ಕು ಬೆರಳು ತೋರಿಸಿದೆ: ಎಂದೂ ಇಲ್ಲ. ಜಾಣೆ ಎನಿಸಿಕೊಂಡವಳಿಗೆ ಅಂಥದ್ದೆಲ್ಲ ಇರಬಾರದಲ್ಲ! ಕೊನೆಯ ಪ್ರಶ್ನೆಯವರೆಗೂ ನಾಲ್ಕು ಬೆರಳನ್ನು ಮಡಚಲೇ ಇಲ್ಲ.

ಮುಂದಿನ ಮಂಗಳವಾರ ಮೇಡಂ ಬಂದವರೇ ಹಾಳೆಗಳ ಕಟ್ಟು ಹಿಡಿದು, "ಎವ್ವಾ, ನಾಲ್ಕೂ ತಾಲೂಕಿನಾಗ ನಿಮ್ಮಷ್ಟು ಆರಾಮ ಇರೋ ಮಕ್ಕಳನ್ನ ನಾ ನೋಡಿಲ್ಲ ನೋಡ್ರಿ" ಎಂದರು. ಎಲ್ಲರೂ ಮೊದಲ ನಂಬರ್ ಬಂದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಗ್ಗಿದರು. ಆಮೇಲೆ ಮೇಡಂ ಒಂದು ಹಾಳೆಯನ್ನು ಬೇರೆ ತೆಗೆದರು. ಅದೊಂದರಲ್ಲಿ ಮಾತ್ರ 'ಯಾವಾಗಲೂ' ಎಂದೇ ಹೆಚ್ಚು ಗುರುತುಗಳಿದ್ದವು. ಅದರ ಮೇಲಿನ ಹಾಜರಿ ನಂಬರ್ ಓದಿ, "ಇದು ಯಾರು? ಊಟದ ಬಿಡುವಿನಾಗ ನನ್ನ ಹತ್ರ ಬಾ" ಎಂದರು.

ಕೊನೆಯ ಬೆಂಚಿನಿಂದ ಎದ್ದವಳು ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದ ಒಂದು ಹುಡುಗಿ. ಬೋರ್ಡ್ ನೋಡುವಾಗ ಮೂಗು ಸುಕ್ಕು ಮಾಡಿ, ಕಣ್ಣು ಕಿರಿದು ಮಾಡುತ್ತಿದ್ದಳು. ನಾವು ಅದನ್ನು ದಡ್ಡರ ಮುಖ ಎಂದುಕೊಂಡಿದ್ದೆವು. ಅಷ್ಟು ದೂರಕ್ಕೆ ನನ್ನ ಬೆರಳು ಅವಳಿಗೆ ಕಂಡಿರಲೇ ಇಲ್ಲ. ಕಾಪಿ ಹೊಡೆಯಲಾಗದೆ ನಿಜ ಬರೆದಿದ್ದಳು!

ಅಂದಿನಿಂದ ಪ್ರತಿ ಮಂಗಳವಾರ ಊಟದ ಬಿಡುವಿನಲ್ಲಿ ಅವಳು ಭೂಪಟ ಇಡುವ ಕೋಣೆಗೆ ಹೋಗುತ್ತಿದ್ದಳು. ಅಲ್ಲಿ ಎರಡು ಕುರ್ಚಿ. ಒಂದರಲ್ಲಿ ಮೇಡಂ, ಒಂದರಲ್ಲಿ ಇವಳು. ನಾನು ನೀರು ಕುಡಿಯುವ ನೆಪದಲ್ಲಿ ಆ ಕಿಟಕಿಯ ಮುಂದೆ ಎಷ್ಟು ಸಲ ಹಾದೆನೋ, ನನ್ನ ಹೊಟ್ಟೆ ನೀರು ತುಂಬಿದ ಕೊಡದಂತಾಗುತ್ತಿತ್ತು. ಮೇಡಂ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದರು. ನಡುವೆ ನಡುವೆ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಇವಳ ಮಾತನ್ನು! ಇವಳು ಏನು ಮಾತಾಡಿಯಾಳು? ನಾನು ಆ ಕುರ್ಚಿಯಲ್ಲಿ ಕೂತಿದ್ದರೆ ಎಂತೆಂಥ ಮಾತು ಹೇಳುತ್ತಿದ್ದೆ! ನಮ್ಮಪ್ಪನ ಹದಿಮೂರು ದಿನ, ಬಚ್ಚಲು, ಎಲ್ಲ. ನನ್ನನ್ನು ಹುಟ್ಟಿದಾಗಿನಿಂದ ಎಲ್ಲರೂ ಕೇಳಿದ್ದು ಒಂದೇ, ಎಷ್ಟು ಮಾರ್ಕ್ಸು ಎಂದು. ಹೇಗಿದ್ದೀ ಎಂದು ಕೇಳುವವರೊಬ್ಬರು ಊರಿಗೆ ಬಂದರೆ ಅವರನ್ನು ಈ ಕೊನೆಯ ಬೆಂಚು ಹೊಡೆದುಕೊಂಡು ಹೋಗಿತ್ತು. ಅವಳ ಜಡೆ ಹಿಡಿದು ಎಳೆಯಬೇಕು ಅನ್ನುವಷ್ಟು ಉರಿ ನನಗೆ.

ಮೂರನೇ ಮಂಗಳವಾರ ಮೇಡಂ ನನ್ನನ್ನು ಕರೆಸಿದರು. ಜಡೆ ತಿದ್ದಿಕೊಂಡು ಓಡಿದೆ. ಮೇಡಂ ಬಾಗಿಲಲ್ಲೇ ನಿಂತು ಹೇಳಿದರು: "ನೀ ಮಾನಿಟರ್ ಅಲ್ಲಾ? ಆ ಹುಡುಗಿಗೆ ದೂರದ್ದು ಕಾಣಂಗಿಲ್ಲವಾ. ದಿನಾ ತಲಿನೋವು. ಬೋರ್ಡಿನ ಮ್ಯಾಲಿಂದು ತಿಳಿವಲ್ದು, ದಡ್ಡಿ ಅಂತ ಮನ್ಯಾಗ ಬೈತಾರ. ಅವರಪ್ಪನ ಹತ್ರ ಮಾತಾಡಿ ಬಂದೀನಿ. ಹರೇದ ಹುಡುಗಿಗೆ ಕನ್ನಡಕ ಹಾಕಿದ್ರ ಯಾರು ಮಾಡಕೊಂತಾರ ಅಂತಾನ ಆತ. ಅರ್ಧವಾರ್ಷಿಕದಾಗ ಗಣಿತ ಪಾಸಾದ್ರ ಕೊಪ್ಪಳಕ್ಕ ಕರಕೊಂಡು ಹೋಗಿ ಕನ್ನಡಕ ಕೊಡಸ್ತಾನಂತ, ಇಲ್ಲಂದ್ರ ಸಾಲಿ ಬಿಡಸ್ತಾನಂತ. ಅಲ್ಲೀತನಕ ನೀ ಬೋರ್ಡಿನ ಮ್ಯಾಲ ಅಂಗೈಯಷ್ಟು ದೊಡ್ಡದಾಗಿ ಬರಿ. ಆಕಿನ್ನ ಎರಡನೇ ಬೆಂಚಿಗೆ ಕೂಡ್ರಿಸು. ಮಾಡ್ತಿಯಲ್ಲಾ?"

"ಹೂಂರಿ" ಎಂದೆ. ಮತ್ತೇನಾದರೂ ಕೇಳುತ್ತಾರೆಂದು ನಿಂತೆ. ಅವರು ನನ್ನ ಭುಜ ತಟ್ಟಿ ಒಳಗೆ ಹೋದರು.

ನನ್ನನ್ನು ಕರೆದದ್ದೂ ಅವಳಿಗಾಗಿ! ಆ ದಿನ ನಾನು ಬುತ್ತಿ ಬಿಚ್ಚಲಿಲ್ಲ.

ಎರಡನೇ ಬೆಂಚಿಗೆ ಅವಳನ್ನು ಕೂರಿಸಿದೆ, ಅದರಲ್ಲಿ ಮೋಸ ಮಾಡಲಿಲ್ಲ. ಆದರೆ ಬರೆಯಲು ನಿಂತಾಗ ಕೈ ತಾನಾಗಿ ಬಿಗಿಯಿತು. ದಿನವೂ ಬರೆಯುವುದಕ್ಕಿಂತ ಒಂದು ಕೂದಲೆಳೆ ಸಣ್ಣದಾಗಿ ಬರೆದೆ. ಮರುದಿನ ಇನ್ನೊಂದೆಳೆ. ಕಣ್ಣು ಛಲೋ ಇದ್ದವರಿಗೆ ಏನೂ ಗೊತ್ತಾಗಲಿಲ್ಲ. ಅವಳು ಮಾತ್ರ ಮೂಗು ಸುಕ್ಕು ಮಾಡಿ ಕಣ್ಣು ಕಿರಿದಾಗಿಸಿ ಬೋರ್ಡನ್ನೇ ನೋಡುತ್ತಿದ್ದಳು. ಪಕ್ಕದವಳು ಪಾಪ ಎಂದು ಲೆಕ್ಕವನ್ನು ಪಿಸುಮಾತಿನಲ್ಲಿ ಓದಿ ಹೇಳತೊಡಗಿದಳು. ಮಾತಾಡುವವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವ ಅಧಿಕಾರ ಮಾನಿಟರಿಗಿತ್ತು. ಆ ಪಕ್ಕದವಳ ಹೆಸರು ಬರೆದೆ. ಮರುದಿನ ಮಾಸ್ತರು ಅವಳ ಅಂಗೈಗೆ ಎರಡು ಛಡಿ ಏಟು ಕೊಟ್ಟರು. ಪಿಸುಮಾತು ನಿಂತುಹೋಯಿತು.

ಇದನ್ನೆಲ್ಲ ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಬಹುದಿತ್ತು. ಛೀ, ತಿಳಿದೇ ಮಾಡಿದೆ. ಅವಳು ಫೇಲಾದರೆ ಶಾಲೆ ಬಿಡುತ್ತಾಳೆ, ಶಾಲೆ ಬಿಟ್ಟರೆ ಮಂಗಳವಾರದ ಆ ಕುರ್ಚಿ ಖಾಲಿಯಾಗುತ್ತದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇಷ್ಟೇ.

ಅರ್ಧವಾರ್ಷಿಕ ಪರೀಕ್ಷೆ ಮುಗಿದು ಪೇಪರು ಕೊಟ್ಟರು. ಅವಳಿಗೆ ಗಣಿತದಲ್ಲಿ ಎಂಟು ಅಂಕ. ನನಗೆ ಯಾವತ್ತಿನಂತೆ ಎಲ್ಲರಿಗಿಂತ ಹೆಚ್ಚು.

ಮುಂದಿನ ಮಂಗಳವಾರ ಅವಳ ಅಪ್ಪ ಬಂದ. ಭೂಪಟದ ಕೋಣೆಯಲ್ಲಿ ಹೆಡ್‌ಮಾಸ್ತರು, ಮೇಡಂ, ಆ ಅಪ್ಪ, ಗೋಡೆಗೆ ಆತು ನಿಂತ ಅವಳು. ಮೇಡಂ ಒಂದೇ ಸಮನೆ ಹೇಳುತ್ತಿದ್ದರು, "ಇದು ಕಣ್ಣಿಂದ ಆಗಿದ್ದು, ತಲೀದಲ್ಲರಿ, ನನ್ನ ಮಾತು ಕೇಳ್ರಿ" ಎಂದು. ಅವಳಪ್ಪ ಕೆಟ್ಟ ಮನುಷ್ಯನಾಗಿರಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಬೋರ್ಡಿನ ಮ್ಯಾಲ ದೊಡ್ಡದಾಗಿ ಬರಸ್ತೀನಿ ಅಂದಿದ್ರೆಲ್ಲಾ ಬಾಯಾರ, ಬರಸಿದ್ರ್ಯಾ?" ಎಂದು ಕೇಳಿದ. ಆಗ ನನ್ನನ್ನು ಕರೆಸಿದರು.

"ನಾ ಹೇಳಿದಂಗ ದೊಡ್ಡದಾಗಿ ಬರದಿಯೇನವಾ?" ಎಂದು ಮೇಡಂ ಕೇಳಿದರು.

ಎಲ್ಲರೂ ನನ್ನ ಕಡೆ ತಿರುಗಿದರು. ಅವಳೂ ತಿರುಗಿದಳು. ಗೋಡೆಯಿಂದ ಬಾಗಿಲಿನವರೆಗೆ ನನ್ನ ಮುಖ ಅವಳಿಗೆ ಕಂಡಿತೋ ಇಲ್ಲವೋ.

"ಬರದೀನ್ರಿ. ದಿನಾ ದೊಡ್ಡದಾಗೇ ಬರದೀನ್ರಿ."

ಮೊದಲ ನಂಬರಿನವಳ ಮಾತು. ಯಾರೂ ಇನ್ನೊಬ್ಬರನ್ನು ಕೇಳಲಿಲ್ಲ. ಅವಳಪ್ಪ ಉಸಿರು ಬಿಟ್ಟು, "ಮುಗೀತಲ್ರಿ ಮತ್ತ. ದೊಡ್ಡದಾಗಿ ಬರದ್ರೂ ತಿಳಿಲಿಲ್ಲಂದ್ರ ಕಣ್ಣೇನ್ ಮಾಡ್ತಾವ? ಆಕಿ ತಲಿಗೆ ಹತ್ತಂಗಿಲ್ಲ" ಎಂದ. ಅವಳು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಅಪ್ಪನ ಹಿಂದೆ ಹೋದಳು.

ಅವರು ಗೇಟು ದಾಟಿದ ಮೇಲೆ ಮೇಡಂ, "ಕೂಡು ಬಾ" ಎಂದರು. ಆ ಕುರ್ಚಿಯಲ್ಲಿ ಕೂತೆ. ನನ್ನ ಎದೆ ಅವರು ಹೇಳಿದ ಹಾಗೆಯೇ ಡವ ಡವ ಅನ್ನುತ್ತಿತ್ತು. ಇನ್ನು ಕೇಳುತ್ತಾರೆ, ನಿನಗೇನು ಕಷ್ಟ ಎಂದು ಕೇಳುತ್ತಾರೆ. ಅವರು ಕೇಳಿದ್ದು: "ಆಕಿ ಊರಿಗೆ ಇಲ್ಲಿಂದ ಎಷ್ಟು ದೂರ ಆಗತೈತಿ? ಸಂಜೀತನಕ ಮಾತಾಡಿದ್ರ ಅವರಪ್ಪ ಒಪ್ಪಬಹುದೇನು?" ಆ ಕುರ್ಚಿಯಲ್ಲಿ ಕೂತೂ ಅವಳ ಬಗ್ಗೆಯೇ ಉತ್ತರ ಕೊಟ್ಟು ಎದ್ದು ಬಂದೆ. ಮೇಡಂ ಅವಳ ಊರಿಗೆ ಹೋಗಿ ಬರಿಗೈಯಲ್ಲಿ ಬಂದರಂತೆ. ಮುಂದಿನ ವಾರದಿಂದ ಅವರು ಕುಷ್ಟಗಿ ಕಡೆಯ ಶಾಲೆಗಳಿಗೆ ಹೋದರು, ನಮ್ಮಲ್ಲಿಗೆ ಬರಲಿಲ್ಲ.

ನಾನು ಓದಿದೆ, ಓದುತ್ತಲೇ ಹೋದೆ. ಕೊನೆಗೆ ವಿದ್ಯಾರ್ಥಿಗಳ ಒತ್ತಡದ ಬಗ್ಗೆಯೇ ಸಂಶೋಧನೆ ಮಾಡಿದೆ. ಮಕ್ಕಳ ಮೇಲಿನ ಕಳಕಳಿಯಿಂದ ಈ ವಿಷಯ ಆಯ್ದುಕೊಂಡೆ ಎಂದು ನನ್ನ ಪ್ರಬಂಧದ ಮೊದಲ ಪುಟದಲ್ಲಿ ಬರೆದಿದ್ದೇನೆ. ಎಲ್ಲಿಯ ಕಳಕಳಿ! ಆ ಮೇಡಮ್ಮಿನ ಕುರ್ಚಿಯ ಮೇಲೆ ಕಣ್ಣಿತ್ತು, ಅಷ್ಟೆ. ಗಂಗಾವತಿಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಈಗ ಪ್ರಶ್ನೆಗಳ ಹಾಳೆ ಹಂಚುವವಳು ನಾನು. ಹಂಚಿದ ಮೇಲೆ ಹಿಂದೆ ನಿಂತು ಯಾರ ಬೆನ್ನ ಹಿಂದೆ ಯಾರ ಬೆರಳಿದೆ ಎಂದು ನೋಡುತ್ತೇನೆ.

ಇಪ್ಪತ್ತು ವರ್ಷವಾದ ಮೇಲೆ, ಜೂನ್ ತಿಂಗಳ ಪಿಯುಸಿ ಅಡ್ಮಿಶನ್ ಗದ್ದಲದಲ್ಲಿ, ನಾನು ಒಬ್ಬ ಹುಡುಗನನ್ನು ಜೋರಾಗಿ ಗದರಿಸುತ್ತಿದ್ದಾಗ ಹಿಂದಿನಿಂದ ಯಾರೋ, "ಈ ದನಿ ನನಗ ಗೊತ್ತೈತಿ" ಎಂದರು. ತಿರುಗಿದೆ. ದಪ್ಪ ಗಾಜಿನ ಕನ್ನಡಕ ಹಾಕಿದ ಹೆಂಗಸು, ಜೊತೆಗೆ ಉದ್ದ ಜಡೆಯ ಮಗಳು. ಮುಖ ಗುರುತು ಹತ್ತಲು ನನಗೆ ತುಸು ಹೊತ್ತು ಬೇಕಾಯಿತು. ಅವಳಿಗೆ ಬೇಕಾಗಲಿಲ್ಲ.

ಶಾಲೆ ಬಿಟ್ಟ ಎರಡನೇ ವರ್ಷಕ್ಕೆ ಕಾರಟಗಿಗೆ ಮದುವೆ ಮಾಡಿ ಕೊಟ್ಟರಂತೆ, ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವವರ ಮನೆ. "ಅಕ್ಕಿ ಹಸನು ಮಾಡಾಕ ಕೂಡ್ರಿಸಿದ್ರು ನೋಡ್ರಿ, ಅನ್ನದಾಗ ಬರೇ ಹಳ್ಳು, ಕಲ್ಲು! ನಮ್ಮತ್ತಿ ಒಂದ ವಾರ ನೋಡಿದ್ಲು, ಎಂಟನೇ ದಿನಕ್ಕ ಕಣ್ಣಿನ ಡಾಕ್ಟರ ಮುಂದ ಕುಂಡ್ರಿಸಿದ್ಲು" ಎಂದು ಬಾಯಿ ತುಂಬ ನಕ್ಕಳು. ನನಗೆ ಅವಳು 'ರೀ' ಹಚ್ಚಿ ಮಾತಾಡುತ್ತಿದ್ದಳು. ಅಷ್ಟು ಹಗುರಾಗಿ ನಗುವುದು ನನಗೆ ಎಂದೂ ಬಂದಿಲ್ಲ. ಕೇಳಿದರೆ ನಂಬುವುದಿಲ್ಲ ನೀವು, ಆ ನಗುವಿಗೂ ನನ್ನ ಹೊಟ್ಟೆ ಉರಿಯಿತು.

ಆಮೇಲೆ ಮಗಳ ಕಡೆ ತಿರುಗಿ ಹೇಳಿದಳು: "ಇವರ ಪಾದಕ್ಕ ನಮಸ್ಕಾರ ಮಾಡು. ಇವರು ಭಾಳ ಶ್ಯಾಣ್ಯಾರು. ನನ್ನೊಬ್ಬಾಕಿ ಸಲುವಾಗಿ ಬೋರ್ಡಿನ ಮ್ಯಾಲ ದಿನಾ ದೊಡ್ಡದಾಗಿ ಬರೀತಿದ್ರು. ಅಷ್ಟು ಮಾಡಿದ್ರೂ ನನ್ನ ತಲಿಗೆ ಹತ್ತಲಿಲ್ಲ. ನಾನ ದಡ್ಡಿ. ಈಕಿಗೆ ಹೇಳ್ತಿರ್ತೀನ್ರಿ ಮೇಡಂ, ಕಣ್ಣಿಲ್ಲದ್ದಕ್ಕ ಫೇಲ್ ಆಗಲಿಲ್ಲ, ನನಗ ಬುದ್ಧೀನ ಇರಲಿಲ್ಲ, ನೀನರ ಓದವ್ವಾ ಅಂತ."

ಅವಳು ನಂಬಿಬಿಟ್ಟಿದ್ದಳು. ಅವಳ ಕಣ್ಣಿಗೆ ಬೋರ್ಡಿನ ಮೇಲಿನದೆಲ್ಲ ಒಂದೇ ಮಬ್ಬು. ಸಣ್ಣದೋ ದೊಡ್ಡದೋ ಹೇಗೆ ತಿಳಿಯಬೇಕು? ಆ ದಿನ ಕೋಣೆಯಲ್ಲಿ ನಾನು ಹೇಳಿದ್ದನ್ನು ಅವಳಪ್ಪನಿಗಿಂತ ಹೆಚ್ಚಾಗಿ ಅವಳೇ ನಂಬಿ, ಇಪ್ಪತ್ತು ವರ್ಷ ತನ್ನನ್ನು ತಾನು ದಡ್ಡಿ ಎಂದುಕೊಂಡು ಬದುಕಿದ್ದಳು.

ನನ್ನ ಕಾಲಿಗೆ ಬಾಗಲು ಬಂದ ಹುಡುಗಿಯ ಭುಜ ಹಿಡಿದು ತಡೆದೆ. "ಇಲ್ಲ, ನಾನು ಸಣ್ಣದಾಗಿ ಬರೀತಿದ್ದೆ" ಎಂದೆ. "ಬೇಕಂತನ. ಮೇಡಂ ನಿನ್ನನ್ನಷ್ಟೇ ಕರೀತಾರಂತ ನನಗ ಹೊಟ್ಟಿಕಿಚ್ಚು ಇತ್ತು. ನಿಮ್ಮಪ್ಪನ ಮುಂದ ಸುಳ್ಳ ಹೇಳಿದೆ. ನೀ ದಡ್ಡಿ ಆಗಿರಲಿಲ್ಲ."

 ಅವಳು ನನ್ನ ಎರಡೂ ಕೈ ಹಿಡಿದುಕೊಂಡು ನಕ್ಕಳು.

"ಸುಮ್ಮನಿರ್ರಿ ಮೇಡಂ. ಮಗಳ ಮುಂದ ನನ್ನ ಮರ್ಯಾದಿ ಉಳಸಾಕ ಇಷ್ಟ್ಯಾಕ ಸುಳ್ಳ ಹೇಳ್ತೀರಿ?"

ಮಗಳು ನಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.